‘ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀನಿ’

ಓದುಗರ ಪತ್ರ: ದೀಪಾವಳಿಗೆ ಚಿಕ್ಕಮಗಳೂರಿನ ಒಂದು ಅಂಗಡಿಯಲ್ಲಿ ಮಿಕ್ಸಿ ತಗೊಂಡೆವು. ಬಿಲ್ ಬೇಡ ಅಂದರೆ ಇನ್ನೂರು ರೂಪಾಯಿ ಕಡಿಮೆ ಮಾಡ್ತೀನಿ ಅಂದರು, ಒಪ್ಪಿಕೊಂಡೆವು. ಮೂರನೇ ವಾರಕ್ಕೆ ಚಟ್ನಿ ರುಬ್ಬುವಾಗ ಸುಟ್ಟ ವಾಸನೆ ಬಂದು ನಿಂತೇ ಹೋಯಿತು. ತಗೊಂಡು ಹೋದರೆ, ‘ನಮ್ಮಲ್ಲೇ ಕೊಂಡಿದ್ದು ಅಂತ ಏನು ಗ್ಯಾರಂಟಿ?’ ಎಂದು ಕೇಳಿದರು. ಹತ್ತನೇ ತರಗತಿಯ ಮಗಳು, ‘ಅಮ್ಮಾ, ಗ್ರಾಹಕರ ಹಕ್ಕಿನ ಪಾಠ ನಮಗಿದೆ’ ಅಂದಳು. ‘ಪುಸ್ತಕದಲ್ಲಿ ಇರುತ್ತೆ ಬಿಡು’ ಅಂದುಬಿಟ್ಟೆ. ಆಮೇಲೆ ಹಾಗೆ ಹೇಳಬಾರದಿತ್ತು ಅನ್ನಿಸಿತು. ಇದನ್ನೆಲ್ಲ ಮಕ್ಕಳಿಗೆ ಮನೆಯಲ್ಲಿ ಹೇಗೆ ಕಲಿಸುವುದು? (ಹೆಸರು ಬೇಡ ಎಂದಿದ್ದಾರೆ.)

ಸಂಪಾದಕರ ಉತ್ತರ: ಮೊದಲು ಮಿಕ್ಸಿ ವಿಷಯ ಮುಗಿಸೋಣ. ಬಿಲ್ ಇಲ್ಲ ಅಂದ ಮಾತ್ರಕ್ಕೆ ಎಲ್ಲಾ ಮುಗಿದುಹೋಯಿತು ಅಂದುಕೊಳ್ಳಬೇಡಿ. ಹಣ ಫೋನಿನಲ್ಲಿ ಹಾಕಿದ್ದರೆ ಆ ದಿನದ ದಾಖಲೆ ಅದರಲ್ಲೇ ಇದೆ. ವಾರಂಟಿ ಕಾರ್ಡಿನ ಮೇಲೆ ಅಂಗಡಿಯ ಸೀಲು ಬಿದ್ದಿದೆಯಾ ನೋಡಿ. ಡಬ್ಬದ ಮೇಲೆ ಕಂಪನಿಯ ಗ್ರಾಹಕ ಸೇವೆಯ ನಂಬರ್ ಇರುತ್ತದೆ, ಮಿಕ್ಸಿಯ ತಳದಲ್ಲಿ ಸೀರಿಯಲ್ ನಂಬರ್ ಇರುತ್ತದೆ. ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ಕಂಪನಿಗೇ ಫೋನ್ ಮಾಡಿ. ಅಲ್ಲೂ ಆಗಲಿಲ್ಲ ಅಂದರೆ 1915ಕ್ಕೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎಷ್ಟೋ ತಕರಾರು ಅಲ್ಲಿಗೇ ಮುಗಿಯುತ್ತವೆ.

ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದ್ದೇ ಇದೆ. ಚಿಕ್ಕಮಗಳೂರಿನಲ್ಲೂ ಇದೆ, ಹಾಸನದಲ್ಲೂ ಇದೆ. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು, ಅಷ್ಟೇ.

ಈಗ ಸ್ವಲ್ಪ ಖಾರದ ಮಾತು. ಬಿಲ್ ಕೊಡದೇ ಇರುವುದನ್ನೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಎನ್ನುತ್ತದೆ. ಕೆಟ್ಟ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಗಡುವಿನೊಳಗೆ, ಗಡುವು ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತಗೊಳ್ಳಲ್ಲ ಅನ್ನುವುದೂ ಅದೇ ಪಟ್ಟಿಯಲ್ಲಿದೆ. ಅಂಗಡಿಯವರದು ತಪ್ಪು, ಸರಿ. ಆದರೆ ಆ ಇನ್ನೂರು ರೂಪಾಯಿ ಎಲ್ಲಿಂದ ಬಂತು ಅಂತ ನಿಮಗೂ ಗೊತ್ತಿತ್ತು ಅಲ್ವಾ? ತೆರಿಗೆ ಉಳಿಸುವ ಆಟದಲ್ಲಿ ನೀವೂ ಒಂದು ಕೈ ಹಾಕಿದ್ದೀರಿ. ಮಗಳಿಗೆ ಹೇಳುವಾಗ ಇದನ್ನು ಮುಚ್ಚಿಡಬೇಡಿ. ‘ನಾನು ಇನ್ನೂರು ರೂಪಾಯಿಗೆ ಆಸೆಪಟ್ಟೆ’ ಅಂತ ಹೇಳಿಬಿಡಿ. ಪಾಠಕ್ಕಿಂತ ಅದು ಜಾಸ್ತಿ ದಿನ ನೆನಪಿರುತ್ತದೆ.

ನಾನೇನು ಭಾರಿ ಜಾಣ ಅಲ್ಲ. ನಮ್ಮ ಮನೆಯ ಫ್ರಿಜ್ಜಿನ ಬಿಲ್ಲನ್ನು ಅಡುಗೆಮನೆಯ ಡ್ರಾಯರಿನಲ್ಲಿ, ಒಲೆಯ ಪಕ್ಕದಲ್ಲೇ, ಜೋಪಾನವಾಗಿ ಇಟ್ಟಿದ್ದೆ. ಎರಡನೇ ವರ್ಷ ಕಂಪ್ರೆಸರ್ ಕೆಟ್ಟಾಗ ತೆಗೆದು ನೋಡಿದರೆ ಬರೀ ಬಿಳಿ ಕಾಗದ! ಈಗಿನ ಬಿಲ್ಲುಗಳನ್ನು ಶಾಖಕ್ಕೆ ಕಪ್ಪಾಗುವ ಕಾಗದದಲ್ಲಿ ಮುದ್ರಿಸುತ್ತಾರೆ, ಶಾಯಿ ಇರುವುದಿಲ್ಲ. ಆದರೆ ದಿನಗಟ್ಟಲೆ ಬಿಸಿ, ಬೆಳಕು ತಾಗುತ್ತಿದ್ದರೆ ಮೂಡಿದ ಅಕ್ಷರವೇ ಮಾಯ. ಅವತ್ತಿನಿಂದ ನಮ್ಮ ಮನೆಯಲ್ಲಿ ಬಿಲ್ಲಿನ ಫೋಟೋ ತೆಗೆಯುವ ಕೆಲಸ ಮಗನದು. ಅಂಗಡಿಯ ಮೆಟ್ಟಿಲು ಇಳಿಯುವ ಮೊದಲೇ ತೆಗೆಯುತ್ತಾನೆ.

ಮಕ್ಕಳಿಗೆ ಕಲಿಸುವುದು ಹೀಗೇ, ಕೈಗೆ ಕೆಲಸ ಕೊಟ್ಟು. ಹಕ್ಕುಗಳು ಎಷ್ಟು ಅಂತ ಬಾಯಿಪಾಠ ಮಾಡಿಸಿದರೆ ಪರೀಕ್ಷೆಗೆ ಆಗುತ್ತೆ, ಅಂಗಡಿಗೆ ಆಗಲ್ಲ. ನೀವು ಕಾಫಿ ಸೀಮೆಯವರು, ಅಲ್ಲಿಂದಲೇ ಶುರು ಮಾಡಿ. ಮನೆಗೆ ತರುವ ಕಾಫಿಪುಡಿ ಪೊಟ್ಟಣವನ್ನು ಮಗಳ ಕೈಗೆ ಕೊಟ್ಟು, ಇದರಲ್ಲಿ ಕಾಫಿ ಎಷ್ಟಿದೆ ಓದು ಅನ್ನಿ. ಮುಂದೆ ಪರಿಮಳದ ಚಿತ್ರ, ದೊಡ್ಡ ಹೆಸರು. ಕಾಫಿ ಇಷ್ಟು ಶೇಕಡಾ, ಚಿಕೋರಿ (ಕಾಫಿಗೆ ಬೆರೆಸುವ ಒಂದು ಗಿಡದ ಬೇರಿನ ಪುಡಿ) ಇಷ್ಟು ಶೇಕಡಾ ಅನ್ನುವ ಸಾಲನ್ನು ಪೊಟ್ಟಣ ತಿರುಗಿಸಿ ಹುಡುಕಬೇಕು. ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಭಾಗ ಇರಬೇಕು ಅನ್ನುವುದು ನಿಯಮ. ಅಂದರೆ 49 ಭಾಗದವರೆಗೆ ಚಿಕೋರಿ ಹಾಕಿದರೂ ಅದು ಮೋಸ ಅಲ್ಲ, ಬರೆದೇ ಕೊಟ್ಟಿದ್ದಾರೆ. ಓದದೆ ತಂದಿದ್ದು ನಾವು. ಗಿಡದಲ್ಲಿ ಹಣ್ಣು ಕೆಂಪಾಗುವುದನ್ನು ದಿನಾ ನೋಡುವ ಊರಿನಲ್ಲಿ ಕುಳಿತು ಅರ್ಧ ಲೋಟ ಬೇರಿನ ಪುಡಿ ಕುಡಿಯುತ್ತಿದ್ದೇವೆ ಅಂತ ಗೊತ್ತಾದರೆ ಮಗಳು ನಗುತ್ತಾಳೆ. ಆಮೇಲೆ ಪುಡಿ ಮಾಡಿಕೊಡುವ ಅಂಗಡಿಗೆ ಅವಳನ್ನೇ ಕಳಿಸಿ. ‘ಎಂಬತ್ತು ಇಪ್ಪತ್ತು’ ಅಂತ ಅವಳೇ ಹೇಳಲಿ, ಕಣ್ಣೆದುರೇ ಬೀಜ ತೂಗಿಸಿಕೊಳ್ಳಲಿ. ತಕ್ಕಡಿ ಸೊನ್ನೆಯಲ್ಲಿ ನಿಂತಿದೆಯಾ ಅಂತ ನೋಡಿಕೊಳ್ಳಲಿ. (ಚಿಕೋರಿ ಇಷ್ಟಪಡುವವರ ಮೇಲೆ ನನಗೇನೂ ಕೋಪವಿಲ್ಲ. ನನ್ನ ಅಜ್ಜಿಗೆ ಅದಿಲ್ಲದೆ ಕಾಫಿ ಗಟ್ಟಿಯೇ ಅನ್ನಿಸುತ್ತಿರಲಿಲ್ಲ.)

ಇನ್ನೊಂದು ಕೆಲಸ, ಸಿಲಿಂಡರ್ ಬಂದ ದಿನಕ್ಕೆ. ಮೇಲಿನ ಹಿಡಿಯ ಕೆಳಗಿನ ಪಟ್ಟಿಯಲ್ಲಿ ಖಾಲಿ ಸಿಲಿಂಡರಿನ ತೂಕ ಬರೆದಿರುತ್ತದೆ. 15.3 ಅಂತ ಇದ್ದರೆ ಅದಕ್ಕೆ ಅನಿಲದ 14.2 ಕೆ.ಜಿ. ಕೂಡಿಸಲಿ. 29.5 ಬರಬೇಕು. ತೂಕ ಹಾಕಿ ತೋರಿಸಿ ಅಂತ ಕೇಳುವುದು ನಿಮ್ಮ ಹಕ್ಕು, ತಂದುಕೊಡುವವರು ಮುಖ ಸಿಂಡರಿಸಬೇಕಾಗಿಲ್ಲ. ಅದೇ ಪಟ್ಟಿಗಳ ಪೈಕಿ ಒಂದರಲ್ಲಿ ‘ಬಿ 27’ ಅನ್ನುವ ಹಾಗೆ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ ಇರುತ್ತವೆ. ಎ ಅಂದರೆ ವರ್ಷದ ಮೊದಲ ಮೂರು ತಿಂಗಳು, ಬಿ ಅಂದರೆ ಏಪ್ರಿಲ್‌ನಿಂದ ಜೂನ್. ಅಂಕಿ ಇಸವಿಯದು, 27 ಅಂದರೆ 2027. ಅಷ್ಟರೊಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಿಸಬೇಕು ಅಂತ ಅರ್ಥ. ದಿನ ಮೀರಿದ್ದರೆ ಇಳಿಸಿಕೊಳ್ಳಲೇಬೇಡಿ.

ಚಿನ್ನದ ಹಾಲ್‌ಮಾರ್ಕ್, ಕುಕ್ಕರಿನ ಐಎಸ್ಐ ಗುರುತು, ಎಂಆರ್‌ಪಿಯಲ್ಲಿ ತೆರಿಗೆಯೂ ಸೇರಿದೆ ಅನ್ನುವುದು, ಇವೆಲ್ಲ ಅಂಗಡಿಗೆ ಹೋದಾಗ ತಾನಾಗಿ ಬರುತ್ತವೆ. ಬಸ್ ಸ್ಟ್ಯಾಂಡಿನಲ್ಲಿ ನೀರಿನ ಬಾಟಲಿಗೆ ಐದು ರೂಪಾಯಿ ಜಾಸ್ತಿ ಕೇಳಿದರೆ ಮಗಳು ಜಗಳಕ್ಕೆ ನಿಲ್ಲಬಹುದು. ನಿಲ್ಲಲಿ, ‘ಸುಮ್ನಿರು’ ಅಂತ ಕೈ ಹಿಡಿದು ಎಳೆಯಬೇಡಿ. ಆದರೆ ಅದೇ ಮಗಳು ಹಬ್ಬಕ್ಕೆ ತಂದ ಚೂಡಿದಾರವನ್ನು ಒಂದು ದಿನ ಹಾಕಿ, ಬಣ್ಣ ಹಿಡಿಸಲಿಲ್ಲ, ವಾಪಸ್ ಕೊಡೋಣ ಅಂದರೆ ಬೇಡ ಅನ್ನಿ. ಬಟ್ಟೆಯಲ್ಲಿ ದೋಷವಿದ್ದರೆ ಮಾತು ಬೇರೆ. ಮನಸ್ಸು ಬದಲಾಗಿದ್ದಕ್ಕೆ ಅಂಗಡಿಯವರು ನಷ್ಟ ಹೊರಬೇಕಾಗಿಲ್ಲ.

ಕಂಪನಿಗೆ ಮಾಡುವ ಆ ಫೋನನ್ನು ಮಗಳ ಕೈಯಲ್ಲೇ ಮಾಡಿಸಿ. ನೀವು ಪಕ್ಕದಲ್ಲಿ ಕೂತು ತಾರೀಕು, ಮಾತಾಡಿದವರ ಹೆಸರು, ದೂರಿನ ನಂಬರ್ ಬರೆದುಕೊಳ್ಳಿ. ಮಿಕ್ಸಿ ಏನಾಯಿತು ಅಂತ ತಿಳಿಸಿ, ಕಾಯುತ್ತಿರುತ್ತೇನೆ.

– ಸಂ.