ಉಪಗ್ರಹ ಇದ್ದ ಮೇಲೆ ವಿಮಾನಕ್ಕೆ ನೆಲದ ರೇಡಿಯೋ ಯಾಕೆ ಬೇಕು?

ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೀರಿ, ಪ್ರಾಜೆಕ್ಟಿಗಾಗಿ ಕೇಳುತ್ತಿದ್ದೀರಿ: ವಿಮಾನದ ಡೇಟಾ ಸಂದೇಶಕ್ಕೆ ಉಪಗ್ರಹ ಇರುವಾಗ ನೆಲದ ಲಿಂಕ್ ಯಾಕೆ, ಎರಡನ್ನೂ ಜೋಡಿಸುವುದು ಹೇಗೆ ಅಂತ. ನಾನು ಚಿಕ್ಕಬಳ್ಳಾಪುರದವನು. ದೇವನಹಳ್ಳಿ ಏರ್‌ಪೋರ್ಟಿನಲ್ಲಿ ವಿಮಾನಗಳ ರೇಡಿಯೋ ಉಪಕರಣ ನೋಡಿಕೊಳ್ಳುವುದು ನನ್ನ ಕೆಲಸ.

ನೆಲದ ಲಿಂಕ್ ನಡೆಯುವುದು ವಿಎಚ್‌ಎಫ್ ಎಂಬ ರೇಡಿಯೋ ಅಲೆಯಲ್ಲಿ. ಅದು ಹೆಚ್ಚುಕಡಿಮೆ ಕಣ್ಣಿಗೆ ಕಂಡಷ್ಟು ದೂರವೇ ಹೋಗುವುದು. ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಎದುರಿನ ಅಂಗಡಿಸಾಲು ಕಾಣುತ್ತದೆ, ನಂದಿಬೆಟ್ಟ ಹತ್ತಿದರೆ ಸುತ್ತಲ ಊರೆಲ್ಲ ಕಾಣುತ್ತವೆ. 35,000 ಅಡಿ ಮೇಲಿನ ವಿಮಾನಕ್ಕೆ ಸುಮಾರು 370 ಕಿ.ಮೀ. ದೂರದ ಕೇಂದ್ರ ಸಿಗುತ್ತದೆ. ಚೆನ್ನೈ ದಾಟಿ ಬಂಗಾಳ ಕೊಲ್ಲಿಯ ನಡುವೆ ಹೋದರೆ ಅದೂ ಇಲ್ಲ. ಆಗ ಇನ್‌ಮಾರ್‌ಸ್ಯಾಟ್ ಅಥವಾ ಇರಿಡಿಯಂ ಉಪಗ್ರಹ. ನೆಲದ ದಾರಿ ಅಗ್ಗ, ಅದಕ್ಕೇ ಸಿಕ್ಕಾಗೆಲ್ಲ ಅದೇ ಮೊದಲು. ಇದನ್ನು ಆರಿಸುವುದು ಪೈಲಟ್ ಅಲ್ಲ, ವಿಮಾನದೊಳಗಿನ ಸಂವಹನ ಕಂಪ್ಯೂಟರ್.

ಕಷ್ಟ ಇರುವುದು ದಾರಿ ಬದಲಾಗುವ ಹೊತ್ತಿನಲ್ಲಿ. 'ಇಂತಿಷ್ಟು ಎತ್ತರಕ್ಕೆ ಏರಿ' ಎಂದು ನೆಲದ ಕಂಟ್ರೋಲರ್ ಕಳಿಸಿದ ಸೂಚನೆ ನಡುವೆ ಎಲ್ಲೋ ಸಿಕ್ಕಿಕೊಂಡು ಹತ್ತು ನಿಮಿಷ ಬಿಟ್ಟು ಕಾಕ್‌ಪಿಟ್ ಸೇರಿತು ಅಂದುಕೊಳ್ಳಿ. ಅಷ್ಟರಲ್ಲಿ ಆ ಎತ್ತರದಲ್ಲಿ ಬೇರೆ ವಿಮಾನ ಇರಬಹುದು. ಬಾರದ ಸಂದೇಶಕ್ಕಿಂತ ಹೀಗೆ ತಡವಾಗಿ ಬಂದದ್ದಕ್ಕೇ ನಾನು ಹೆಚ್ಚು ಹೆದರುತ್ತೇನೆ. ಅದಕ್ಕೇ ಸಂದೇಶದಲ್ಲಿ ಕಳಿಸಿದ ಸಮಯ ಇರುತ್ತದೆ. ಗೊತ್ತುಮಾಡಿದ ಸೆಕೆಂಡುಗಳು ಮೀರಿದ್ದರೆ ಎಷ್ಟೋ ವಿಮಾನಗಳು ತಡವಾಗಿದೆ ಎಂದು ಎಚ್ಚರಿಸುತ್ತವೆ, ಇಲ್ಲವೇ ತಳ್ಳಿಹಾಕುತ್ತವೆ. ಯಾವ ಲಿಂಕ್ ಸಿಕ್ಕಿತು, ಯಾವುದು ಹೋಯಿತು ಎಂದು ವಿಮಾನ ತಾನಾಗಿಯೇ ನೆಲಕ್ಕೆ ತಿಳಿಸುತ್ತಲೂ ಇರುತ್ತದೆ. ನಿಮ್ಮ ಪ್ರಾಜೆಕ್ಟಿನಲ್ಲಿ ಇವೆರಡನ್ನೂ ಖಂಡಿತ ಇಡಿ.

ಇನ್ನೊಂದು: ಒಂದು ಲಿಂಕನ್ನು ಬೇಕೆಂದೇ ಮುಚ್ಚಿ ಇನ್ನೊಂದನ್ನು ಪರೀಕ್ಷಿಸುವ ಅನುಕೂಲ ಇರಲಿ. ಹೋದ ಮಳೆಗಾಲದಲ್ಲಿ 'ಸಮುದ್ರದ ಮೇಲೆ ಡೇಟಾ ಲಿಂಕ್ ಹೋಗುತ್ತದೆ' ಎಂಬ ದೂರು ಹೊತ್ತು ಒಂದು ವಿಮಾನ ಬಂತು. ಪರೀಕ್ಷಾ ಸಂದೇಶ ಕಳಿಸಿದರೆ ತಕ್ಷಣ ಉತ್ತರ. ಬರದೇ ಏನು, ದೇವನಹಳ್ಳಿಯಲ್ಲಿ ವಿಎಚ್‌ಎಫ್ ಧಾರಾಳವಾಗಿದೆ! ಡೇಟಾ ಒಯ್ಯುತ್ತಿದ್ದ ಮೂರನೇ ವಿಎಚ್‌ಎಫ್ ಸೆಟ್ಟನ್ನು ವಾಯ್ಸ್‌ಗೆ, ಅಂದರೆ ಬರೀ ಮಾತಿಗೆ, ತಿರುಗಿಸಿದೆ. ಉಪಗ್ರಹವೊಂದೇ ಉಳಿಯಿತು, ಸಂದೇಶ ಅಲ್ಲಾಡಲಿಲ್ಲ. ವಿಮಾನದ ಬೆನ್ನ ಮೇಲಿನ ಉಪಗ್ರಹ ಆಂಟೆನಾದ ಕೇಬಲ್ ಬಿಚ್ಚಿ ನೋಡಿದರೆ ಕನೆಕ್ಟರಿನೊಳಗೆ ಹಸಿರು ಕಿಲುಬು, ಒಂದು ಹನಿ ನೀರು. ಕನೆಕ್ಟರ್ ಬದಲಿಸಿ ಮತ್ತೆ ಕಳಿಸಿದಾಗ ಉತ್ತರ ಉಪಗ್ರಹದ ದಾರಿಯಲ್ಲೇ ಬಂತು.