ಸ್ವೆಟರ್ ಹಾಕಿಕೊಂಡು ಟಿವಿಗೆ ಬಂದ ಅಧ್ಯಕ್ಷ

(ಕಳೆದ ಸಂಚಿಕೆಯಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳಲ್ಲಿ ಕೆಲವು ಇಲ್ಲಿವೆ.)

ಪ್ರಶ್ನೆ: ಅಷ್ಟು ಒಳ್ಳೆಯ ಮನುಷ್ಯ ಅಂತೀರಿ. ಹಾಗಾದರೆ ನಾಲ್ಕೇ ವರ್ಷಕ್ಕೆ ಯಾಕೆ ಮನೆಗೆ ಕಳಿಸಿದರು?

ಉತ್ತರ: ಒಳ್ಳೆಯವರು ಬೇಕು ಅಂತ ಗೆಲ್ಲಿಸಿದವರೇ ಬರೀ ಒಳ್ಳೆಯತನ ಸಾಕಪ್ಪಾ ಅಂದರು! 1976ರಲ್ಲಿ ಜನ ಅಧ್ಯಕ್ಷ ನಿಕ್ಸನ್ ರಾಜೀನಾಮೆಗೆ ಕಾರಣವಾದ ವಾಟರ್‌ಗೇಟ್ ಹಗರಣ, ವಿಯೆಟ್ನಾಂ ಯುದ್ಧ ಎರಡರಿಂದಲೂ ರೋಸಿಹೋಗಿದ್ದರು. ಆಗ ಜಾರ್ಜಿಯಾದ ಪ್ಲೇನ್ಸ್ ಎಂಬ ಪುಟ್ಟ ಊರಿನ ಕಡಲೆಕಾಯಿ ಬೆಳೆಗಾರರೊಬ್ಬರು ಬಂದು, ನಿಮಗೆ ಯಾವತ್ತೂ ಸುಳ್ಳು ಹೇಳುವುದಿಲ್ಲ ಅಂದರು. ಗೆದ್ದರು. ಪ್ರಮಾಣವಚನದ ದಿನ ಕಾರಿನಿಂದಿಳಿದು, ಹೆಂಡತಿಯ ಕೈ ಹಿಡಿದು ಶ್ವೇತಭವನಕ್ಕೆ ನಡೆದೇ ಹೋದರು. ಮಗಳನ್ನು ಸರ್ಕಾರಿ ಶಾಲೆಗೆ ಸೇರಿಸಿದರು. ಅಧ್ಯಕ್ಷರ ವಿಹಾರನೌಕೆಯನ್ನು ಮಾರಿಸಿದರು. ಅಧ್ಯಕ್ಷರು ಬಂದಾಗ ಬ್ಯಾಂಡ್ ಬಾರಿಸುವುದನ್ನೂ ಕೆಲಕಾಲ ನಿಲ್ಲಿಸಿದರು. 1977ರ ಮಾರ್ಚ್‌ನಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ ನೂರಕ್ಕೆ 75 ಜನ ಭೇಷ್ ಅಂದರು. 1979ರ ಬೇಸಿಗೆಯಲ್ಲಿ ಅದು 28ಕ್ಕೆ ಇಳಿಯಿತು. ಅಷ್ಟರಲ್ಲಿ ಜನ, ಇವರೇನು ಅಧ್ಯಕ್ಷರ ಥರಾನೇ ಕಾಣಲ್ವಲ್ಲ ಅಂತ ಮೂಗು ಮುರಿಯತೊಡಗಿದ್ದರು. ಬ್ಯಾಂಡ್ ಕೂಡ ವಾಪಸು ಬಂತು.

ಪ್ರಶ್ನೆ: ಸ್ವೆಟರ್ ಕಥೆ ಏನು?

ಉತ್ತರ: 1977ರ ಫೆಬ್ರುವರಿ 2. ಆ ಚಳಿಗಾಲ ಭಯಂಕರ. ಮನೆ ಬೆಚ್ಚಗಿಡುವ ಗ್ಯಾಸ್‌ಗೇ ತತ್ವಾರ. ಕಾರ್ಟರ್ ಸೂಟು ಬಿಟ್ಟು ಉಣ್ಣೆಯ ಕಾರ್ಡಿಗನ್ ತೊಟ್ಟು, ಉರಿಯುವ ಬೆಂಕಿಗೂಡಿನ ಪಕ್ಕ ಕೂತು ಟಿವಿಯಲ್ಲಿ ಮಾತಾಡಿದರು. ಮನೆಯ ಹೀಟರನ್ನು ಹಗಲು 65 ಡಿಗ್ರಿ ಫ್ಯಾರನ್‌ಹೀಟ್‌ಗೆ, ರಾತ್ರಿ 55ಕ್ಕೆ ಇಳಿಸಿ ಅಂದರು. 55 ಅಂದರೆ ನಮ್ಮ ಲೆಕ್ಕದಲ್ಲಿ 13 ಡಿಗ್ರಿ ಸೆಲ್ಸಿಯಸ್. ಆ ವಿಡಿಯೋ ನಾನು ನೋಡಿದ್ದೇನೆ. ಪಾಠ ಮುಗಿಸಿಯೇ ಬಿಡುವೆ ಎಂದು ಕೂತ ಮೇಷ್ಟರು ಕಂಡಂತಾಯಿತು. ಮೊದಮೊದಲು ಜನರಿಗೆ ಇದು ಇಷ್ಟವೇ ಆಯಿತು. ಆದರೆ ಒಂದು ಸಲ ಚೆನ್ನಾಗಿರುವ ಬುದ್ಧಿಮಾತು ಮೂರನೇ ಸಲಕ್ಕೆ ಕಿರಿಕಿರಿ, ಅಲ್ವಾ?

ಪ್ರಶ್ನೆ: ಟಿವಿಯಲ್ಲಿ ಜನರನ್ನೇ ಬೈದು ಕುರ್ಚಿ ಕಳೆದುಕೊಂಡರಂತೆ. ನಿಜವೇ?

ಉತ್ತರ: ಎಲ್ಲರೂ ಹಾಗೇ ಹೇಳುತ್ತಾರೆ. ಆದರೆ ನಡೆದದ್ದು ಬೇರೆ. 1979ರಲ್ಲಿ ಇರಾನ್ ಕ್ರಾಂತಿಯಿಂದ ತೈಲ ಪೂರೈಕೆ ಏರುಪೇರಾಗಿತ್ತು. ಪೆಟ್ರೋಲ್ ಬಂಕ್ ಮುಂದೆ ಕಾರುಗಳ ಉದ್ದುದ್ದ ಸಾಲು. ಕ್ಯಾಲಿಫೋರ್ನಿಯಾದಲ್ಲಿ ನಂಬರ್ ಪ್ಲೇಟ್ ಸಮವೋ ಬೆಸವೋ ನೋಡಿ ದಿನ ಬಿಟ್ಟು ದಿನ ಪೆಟ್ರೋಲ್. ಕಾರ್ಟರ್ ನಿಗದಿಯಾಗಿದ್ದ ಭಾಷಣವನ್ನು ರದ್ದು ಮಾಡಿ ಅಧ್ಯಕ್ಷರ ವಿಶ್ರಾಂತಿಧಾಮ ಕ್ಯಾಂಪ್ ಡೇವಿಡ್‌ಗೆ ಹೋಗಿ ಕೂತರು. ಗವರ್ನರುಗಳು, ಪಾದ್ರಿಗಳು, ಸಾಮಾನ್ಯ ಜನ ಎಲ್ಲರನ್ನೂ ಕರೆಸಿ, ನನ್ನ ತಪ್ಪೇನು ಹೇಳಿ ಅಂದರು. ಜುಲೈ 15ರಂದು ಟಿವಿಗೆ ಬಂದು ಆ ಬೈಗುಳಗಳನ್ನೇ ಓದಿ ಹೇಳಿದರು. ನೀವು ದೇಶ ಮುನ್ನಡೆಸುತ್ತಿಲ್ಲ, ಬರೀ ಸರ್ಕಾರದ ಆಡಳಿತ ನೋಡಿಕೊಳ್ಳುತ್ತಿದ್ದೀರಿ ಎಂದು ಗವರ್ನರ್ ಒಬ್ಬರು ಅಂದಿದ್ದನ್ನೂ ಸೇರಿಸಿ! ಆಮೇಲೆ ಜನರ ಕಡೆ ತಿರುಗಿ, ನಾವು ಕೊಳ್ಳುವುದರಲ್ಲೇ ಮುಳುಗಿದ್ದೇವೆ ಅಂದರು.

ಜನ ಸಿಟ್ಟಾದರೇ? ಇಲ್ಲ. ಜನಪ್ರಿಯತೆ 11 ಅಂಕ ಏರಿತು. ಮನೆ ಕೆಡಿಸಿದ್ದು ಮುಂದಿನ ಕೆಲಸ. ಎರಡೇ ದಿನಕ್ಕೆ ಇಡೀ ಸಂಪುಟದ ರಾಜೀನಾಮೆ ಕೇಳಿದರು, ಐವರನ್ನು ಕಳಿಸಿಯೂಬಿಟ್ಟರು. ಸರ್ಕಾರವೇ ಬಿದ್ದುಹೋಗುತ್ತಿದೆಯೇನೋ ಎಂದು ಜನ ಗಾಬರಿಯಾದರು. ಏರಿದ್ದೆಲ್ಲ ಇಳಿಯಿತು. ಭಾಷಣಕ್ಕೆ ಸುಮ್ನೆ ಕೆಟ್ಟ ಹೆಸರು.

ಪ್ರಶ್ನೆ: ಬೆಲೆ ಏರಿಕೆಗೆ ಅವರೇ ಕಾರಣವಲ್ಲವೇ?

ಉತ್ತರ: 1980ರಲ್ಲಿ ಬೆಲೆ ಏರಿಕೆ ನೂರಕ್ಕೆ 13 ದಾಟಿದ್ದು ನಿಜ. ಆದರೆ ಆ ರೋಗ ಅವರು ಬರುವ ಮೊದಲೇ ಅಂಟಿಕೊಂಡಿತ್ತು. ಅದಕ್ಕೆ ಮದ್ದು ಅರೆದ ಪಾಲ್ ವೋಲ್ಕರ್ ಅವರನ್ನು ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ ಮುಖ್ಯಸ್ಥರಾಗಿ ತಂದವರು ಕಾರ್ಟರ್. ವೋಲ್ಕರ್ ಹಣದ ಹರಿವನ್ನು ಬಿಗಿಹಿಡಿದರು. ಚುನಾವಣೆಯ ವರ್ಷ, 1980ರ ಏಪ್ರಿಲ್‌ನಲ್ಲಿ, ಬ್ಯಾಂಕುಗಳು ದೊಡ್ಡ ಗಿರಾಕಿಗಳಿಗೆ ಹಾಕುವ ಬಡ್ಡಿಯೇ ನೂರಕ್ಕೆ 20 ಮುಟ್ಟಿತು. ಸಾಲ ಮಾಡಿ ಮನೆ ಕಟ್ಟಬೇಕೆಂದಿದ್ದವರು ಯಾರಿಗೆ ವೋಟು ಹಾಕುತ್ತಾರೆ, ನೀವೇ ಹೇಳಿ. ಜತೆಗೆ ಇರಾನ್ ರಾಜಧಾನಿ ಟೆಹರಾನ್‌ನಲ್ಲಿ ಒತ್ತೆಯಾಳಾಗಿ ಸಿಕ್ಕಿಬಿದ್ದಿದ್ದ ಅಮೆರಿಕದ ರಾಯಭಾರ ಕಚೇರಿಯವರು. ಎದುರಾಳಿ ರೊನಾಲ್ಡ್ ರೇಗನ್ 489 ಎಲೆಕ್ಟೋರಲ್ ಮತ (ಅಧ್ಯಕ್ಷರನ್ನು ಆರಿಸಲು ರಾಜ್ಯವಾರು ಲೆಕ್ಕ ಹಾಕುವ ಮತ) ಪಡೆದರು, ಕಾರ್ಟರ್ 49. 1983ರ ಹೊತ್ತಿಗೆ ಬೆಲೆ ಏರಿಕೆ 3ರ ಆಸುಪಾಸಿಗೆ ಬಂತು. ಅದರ ಲಾಭ ರೇಗನ್‌ಗೆ. 1984ರಲ್ಲಿ 49 ರಾಜ್ಯ ಗೆದ್ದರು.

ಪ್ರಶ್ನೆ: ಅವರು ಮಾಡಿದ್ದರಲ್ಲಿ ಇವತ್ತಿಗೂ ಉಳಿದದ್ದು ಏನಾದರೂ ಇದೆಯೇ?

ಉತ್ತರ: ಜನ ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಇದೆ. 1978ರವರೆಗೆ ಯಾವ ವಿಮಾನ ಕಂಪನಿ ಯಾವ ಊರಿಗೆ ಹಾರಬೇಕು, ಟಿಕೆಟ್ ಎಷ್ಟು ಎಂದು ವಾಷಿಂಗ್ಟನ್‌ನ ಒಂದು ಮಂಡಳಿ ನಿರ್ಧರಿಸುತ್ತಿತ್ತು. ಕಾರ್ಟರ್ ಅದಕ್ಕೆ ಎಳ್ಳುನೀರು ಬಿಟ್ಟರು. ಲಾರಿ, ರೈಲು ಸಾಗಣೆಯ ಕಟ್ಟುಪಾಡುಗಳನ್ನೂ ಸಡಿಲಿಸಿದರು. ಮನೆಯಲ್ಲಿ ಬಿಯರ್ ತಯಾರಿಸಲು ಅನುಮತಿ ಸಿಕ್ಕಿದ್ದೂ ಅವರ ಸಹಿಯಿಂದ. ಕಾರ್ಟರ್ ಬ್ಯಾಪ್ಟಿಸ್ಟ್ ಚರ್ಚಿನ ಭಕ್ತರು, ಶ್ವೇತಭವನದ ಔತಣಗಳಿಂದ ವಿಸ್ಕಿ, ಜಿನ್ ದೂರ ಇಟ್ಟಿದ್ದವರು! ಇನ್ನು ಅವರು ಫೆಡರಲ್ ಕೋರ್ಟುಗಳಿಗೆ ನೇಮಿಸಿದ ಮಹಿಳಾ ನ್ಯಾಯಾಧೀಶರು, ಅದುವರೆಗಿನ ಎಲ್ಲ ಅಧ್ಯಕ್ಷರೂ ಸೇರಿ ನೇಮಿಸಿದವರಿಗಿಂತ ಹೆಚ್ಚು. ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ ಇದೇ.

ಪ್ರಶ್ನೆ: ಅಧ್ಯಕ್ಷರ ಮೇಲೆ ಮೊಲ ದಾಳಿ ಮಾಡಿತ್ತಂತೆ, ಹೌದೇ?

ಉತ್ತರ: ದಾಳಿ ಅಂದರೆ ದೊಡ್ಡ ಮಾತಾಯಿತು. 1979ರ ಏಪ್ರಿಲ್‌ನಲ್ಲಿ ತಮ್ಮೂರಿನಲ್ಲಿ ದೋಣಿಯಲ್ಲಿ ಕೂತು ಮೀನು ಹಿಡಿಯುತ್ತಿದ್ದರು. ಮೊಲವೊಂದು ಈಜುತ್ತಾ ದೋಣಿಯ ಕಡೆ ಬಂತು. ದೋಣಿ ನಡೆಸುವ ಹುಟ್ಟಿನಿಂದ ನೀರು ಎರಚಿ ಓಡಿಸಿದರು. ಅವರ ಪತ್ರಿಕಾ ಕಾರ್ಯದರ್ಶಿಯೇ ಆಗಸ್ಟ್‌ನಲ್ಲಿ ಸುಮ್ಮನಿರಲಾರದೆ ಇದನ್ನು ವರದಿಗಾರರೊಬ್ಬರಿಗೆ ಹೇಳಿದರು. ಮುಖಪುಟದ ಸುದ್ದಿಯಾಯಿತು, ವ್ಯಂಗ್ಯಚಿತ್ರಕಾರರಿಗೆ ಹಬ್ಬ. ಮೊಲಕ್ಕೆ ಈಜು ಬರುತ್ತದೆ ಎಂದು ಶ್ವೇತಭವನದ ಸಿಬ್ಬಂದಿಯಲ್ಲೇ ಕೆಲವರು ನಂಬಲಿಲ್ಲ. ಕಾರ್ಟರ್ ಆಗ ತೆಗೆದಿದ್ದ ಫೋಟೊ ದೊಡ್ಡದು ಮಾಡಿಸಿ ತೋರಿಸಬೇಕಾಯಿತು.