ನಿಮ್ಮ ಆಲ್ಟೋ ಫ್ಲೂಟನ್ನು ಕತ್ತರಿಸಬೇಡಿ

ಪ್ರಶ್ನೆ: ಹೊಸ ಆಲ್ಟೋ ಫ್ಲೂಟ್ ಕೊಂಡಿದ್ದೇನೆ. ಸಿ ಸ್ವರ ಹಿಡಿದು ಊದಿದರೆ ಕೀಬೋರ್ಡಿನ ಜಿಗೆ ಹೊಂದುತ್ತದೆ. ರಿಪೇರಿಯವರು ಹೆಡ್‌ಜಾಯಿಂಟ್ (ಬಾಯಿಟ್ಟು ಊದುವ ಭಾಗ) ಸ್ವಲ್ಪ ಕತ್ತರಿಸಿದರೆ ಸರಿಹೋಗುತ್ತದೆ ಅಂದರು. ಕತ್ತರಿಸಲೇ?

ಉತ್ತರ: ಬೇಡ. ದಯವಿಟ್ಟು ಬೇಡ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ನನ್ನ ಎದೆ ಝಲ್ಲೆನ್ನುತ್ತದೆ. ನಿಮ್ಮ ಫ್ಲೂಟ್ ಸರಿಯಾಗಿಯೇ ಇದೆ. ಆಲ್ಟೋ ಅಂದರೆ ಮಾಮೂಲಿ ಫ್ಲೂಟಿಗಿಂತ ಉದ್ದವಾದ, ತಗ್ಗಿನ ಸ್ವರದ ಫ್ಲೂಟ್. ಸಿ ಹಿಡಿದರೆ ಕೆಳಗಿನ ಜಿ ಕೇಳಬೇಕು. ನಮ್ಮ ಲೆಕ್ಕದಲ್ಲಿ ಸ ಹಿಡಿದರೆ ಮಂದ್ರದ ಪ.

1850ರ ದಶಕದಲ್ಲಿ ಮ್ಯೂನಿಕ್‌ನ ಥಿಯೋಬಾಲ್ಡ್ ಬೋಮ್ ಇದನ್ನು ರೂಪಿಸಿದರು. ಮಾಮೂಲಿ ಫ್ಲೂಟಿಗೆ ತಾವೇ ಮಾಡಿದ್ದ ಕೀಗಳ ಏರ್ಪಾಡನ್ನೇ ಇದಕ್ಕೂ ತಂದರು. ಹಾಗಾಗಿ ಬೆರಳು ಹೊಸದಾಗಿ ಕಲಿಯಬೇಕಿಲ್ಲ. ಮಾಮೂಲಿ ಫ್ಲೂಟ್ ಸುಮಾರು 67 ಸೆಂಟಿಮೀಟರ್, ಇದು ಸುಮಾರು 86. ಕೊಳವೆ ಉದ್ದವಾದಷ್ಟೂ ಸ್ವರ ಇಳಿಯುತ್ತದೆ, ಅಷ್ಟೇ.

ಆ ಜಿಯನ್ನು ಸಿಗೆ ಏರಿಸಬೇಕೆಂದರೆ ಕೊಳವೆಯ ಕಾಲು ಭಾಗವೇ ಹೋಗಬೇಕು. ತೂತುಗಳೆಲ್ಲ ಜಾಗ ಬದಲಿಸಬೇಕು. ಇದು ಗೊತ್ತಿಲ್ಲದವರು ಗರಗಸ ಹಿಡಿಯುವುದನ್ನು ರಿಪೇರಿ ಅನ್ನುತ್ತಾರಾ? ನನ್ನ ವಿದ್ಯಾರ್ಥಿಯೊಬ್ಬಳ ಹೆಡ್‌ಜಾಯಿಂಟನ್ನು ಹೀಗೇ ಬೆರಳಗಲ ಕತ್ತರಿಸಿ ಕೊಟ್ಟರು. ಈಗ ಮೇಲಿನ ಸ್ವರ ಒಂದು ದಾರಿ, ಕೆಳಗಿನದು ಇನ್ನೊಂದು ದಾರಿ. ಅವಳು ಅತ್ತದ್ದು ಇನ್ನೂ ಮರೆತಿಲ್ಲ.

ಟ್ಯೂನರ್ (ಕೇಳಿದ ಸ್ವರದ ಹೆಸರು ತೋರಿಸುವ ಸಾಧನ) ಮುಂದೆ ಎ ಹಿಡಿದು ಊದಿ. ಇ ತೋರಿಸಿದರೆ ಎಲ್ಲ ಸರಿ. ಆಲ್ಟೋಗೆಂದೇ ಬರೆದ ನೊಟೇಶನ್ ಇದ್ದರೆ ಕಂಡಂತೆ ನುಡಿಸಿ. ಪಿಯಾನೋದ ಹಾಳೆ ನೋಡಿ ನುಡಿಸುವುದಾದರೆ ಸಿ ಇದ್ದಲ್ಲಿ ಎಫ್ ಹಿಡಿಯಬೇಕು. ಒಮ್ಮೆ ಬರೆದಿಟ್ಟುಕೊಳ್ಳಿ, ಒಳ್ಳೆಯದು.

ಪ್ರಶ್ನೆ: ಆಲ್ಟೋ, ಬಾಸ್ ಎರಡೂ ಒಂದೇನಾ?

ಉತ್ತರ: ಅಲ್ಲ. ಬಾಸ್ ಫ್ಲೂಟ್ ಮಾಮೂಲಿ ಫ್ಲೂಟಿಗಿಂತ ಪೂರಾ ಒಂದು ಸ್ಥಾಯಿ ಕೆಳಗೆ. ಹಿಂದೆ ಇಂಗ್ಲೆಂಡಿನಲ್ಲಿ ಆಲ್ಟೋವನ್ನೇ ಬಾಸ್ ಎನ್ನುತ್ತಿದ್ದರು, ಗೊಂದಲ ಹುಟ್ಟಿದ್ದು ಅಲ್ಲಿ.

ಪ್ರಶ್ನೆ: ಕೆಳಗಿನ ಸ್ವರ ಬರಲು ಜೋರಾಗಿ ಊದಬೇಕಂತೆ?

ಉತ್ತರ: ಯಾರು ಹೇಳಿದರು ನಿಮಗೆ? ಉಸಿರು ಜಾಸ್ತಿ ಬೇಕು, ರಭಸ ಬೇಡ. ತುಟಿ ಸಡಿಲ ಬಿಟ್ಟು ನಿಧಾನವಾಗಿ ಊದಿ. ತಲೆ ತಿರುಗಿದರೆ ಕೂತುಕೊಳ್ಳಿ.

ಪ್ರಶ್ನೆ: ಹತ್ತು ವರ್ಷದ ಮಗನಿಗೆ ಆಲ್ಟೋದಿಂದಲೇ ಶುರು ಮಾಡಿಸಲೇ?

ಉತ್ತರ: ಬೇಡ. ತೋಳು ಸಾಲದು, ಭಾರವೂ ಜಾಸ್ತಿ. ಮಾಮೂಲಿ ಫ್ಲೂಟ್ ಕೊಡಿಸಿ.